ಯೌವನದ ಮನೋವ್ಯಾಧಿಯೂ ಹಿರಿಯರ ಕಾಲಹರಣವೂ

ಶರೀರವನ್ನು ಹಿಡಿಯತಕ್ಕ ದೀರ್ಘವ್ಯಾಧಿಗಳಲ್ಲಿ ಬಹುಭಾಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಮೊದಲಾದವು, ಮನುಷ್ಯನು ತನ್ನ ವಿದ್ಯೆ, ವೃತ್ತಿ, ವಿವಾಹಗಳನ್ನು ಮುಗಿಸಿಕೊಂಡು ಬಾಳಿನಲ್ಲಿ ಒಂದು ನೆಲೆಯನ್ನು ಕಂಡುಕೊಂಡ ತರುವಾಯ ಬರುವಂಥವು. ಮನಸ್ಸನ್ನು ಹಿಡಿಯತಕ್ಕ ವ್ಯಾಧಿಗಳಾದರೋ ಆ ನೆಲೆಯನ್ನು ಅರಸಿ ಅವನು ಹೊರಡುವ ಹೊತ್ತಿಗೇ ತಲೆದೋರುವಂಥವು. ಆಯುಷ್ಯದಲ್ಲಿ ಎಂದಾದರೊಮ್ಮೆ ಮನೋರೋಗಕ್ಕೆ ಒಳಗಾದವರ ಪೈಕಿ ಅರ್ಧದಷ್ಟು ಮಂದಿಗೆ ಅದು 14ನೆಯ ವಯಸ್ಸಿನ ಹೊತ್ತಿಗೂ, ಮುಕ್ಕಾಲು ಪಾಲು ಮಂದಿಗೆ 24ನೆಯ ವಯಸ್ಸಿನ ಹೊತ್ತಿಗೂ ಮೊದಲಾಗಿರುವುದೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ವಿಸ್ತಾರವಾದ ಸಮೀಕ್ಷೆಯೊಂದು ತೋರಿಸಿಕೊಟ್ಟಿತು. ಈ ಎರಡು ಸಂಖ್ಯೆಗಳನ್ನು ನಮ್ಮ ಮನೆಮಕ್ಕಳ ಬಾಳಿಗೆ ಹೊಂದಿಸಿ ನೋಡೋಣ. 14 ಎಂದರೆ ಪ್ರೌಢಶಾಲೆಯ ಮೆಟ್ಟಿಲು. 24 ಎಂದರೆ ಮೊದಲ ನೌಕರಿ, ಜಾತಕದ ವಿನಿಮಯ, ಹೆಣ್ಣು ನೋಡುವ ಶಾಸ್ತ್ರ. ನಡುವಣ ಹತ್ತು ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಇವೆಲ್ಲವೂ ಬಂದುಹೋಗುತ್ತವೆ. ತಂದೆತಾಯಿಗಳು ತಮ್ಮ ಸಮಸ್ತ ಆಶೆಯನ್ನೂ ಮಕ್ಕಳ ಮೇಲೆ ಇರಿಸತಕ್ಕ ಕಾಲವೂ, ಮನೋವ್ಯಾಧಿಯು ಮೊಳೆಯತಕ್ಕ ಕಾಲವೂ ಒಂದೇ ಆಗಿರುವುದು ನಮ್ಮ ಸಂಸಾರಗಳ ಒಂದು ದೊಡ್ಡ ದುರ್ದೈವ.

ಈ ಕಾಲೈಕ್ಯದಿಂದ ಒದಗುವ ಅನರ್ಥವೇನೆಂದರೆ, ರೋಗದ ಲಕ್ಷಣವು ಮನೆಯವರ ಕಣ್ಣಿಗೆ ನಡತೆಯ ದೋಷವಾಗಿ ಕಾಣಿಸುವುದು. ಖಿನ್ನತೆಗೆ ಒಳಗಾದ ತರುಣನು ಎಲ್ಲ ವೇಳೆಯಲ್ಲಿಯೂ ಕಣ್ಣೀರಿಡುತ್ತ ಕುಳಿತಿರುವನೆಂದಿಲ್ಲ. ಆ ವಯಸ್ಸಿನಲ್ಲಿ ಖಿನ್ನತೆಯು ಎಷ್ಟೋ ಸಲ ಸಿಡುಕಾಗಿ, ಮಾತಿಗೆ ಮುಂಚಿನ ಕೋಪವಾಗಿ, ಹೊತ್ತೇರಿದರೂ ಹಾಸಿಗೆ ಬಿಡದ ಜಡತೆಯಾಗಿ ತೋರಿಕೊಳ್ಳುವುದರಿಂದ, ಮನೆಯವರು ಅವನನ್ನು ಸೋಮಾರಿಯೆಂದೂ ಪೊಗರಿನವನೆಂದೂ ಮೊಬೈಲಿನಿಂದ ಕೆಟ್ಟನೆಂದೂ ತೀರ್ಮಾನಿಸಿಬಿಡುತ್ತಾರೆ. ಗೀಳುರೋಗದ ಹುಡುಗಿ ಕೈಯನ್ನು ಗಂಟೆಗಟ್ಟಲೆ ತೊಳೆಯುತ್ತಿದ್ದರೆ ಅದು ಅಜ್ಜಿಯಿಂದ ಬಂದ ಮಡಿಯೆನ್ನಿಸಿಕೊಳ್ಳುತ್ತದೆ. ನಾಲ್ಕು ಜನರ ಇದಿರಿನಲ್ಲಿ ಬಾಯಿ ತೆರೆಯಲಾರದ ಭಯವು ಸಂಕೋಚವೆಂಬ ಪ್ರಶಂಸೆಯನ್ನೇ ಪಡೆದುಬಿಡುತ್ತದೆ, ಅದರಲ್ಲಿಯೂ ಆ ಭಯವು ಹೆಣ್ಣುಮಗಳದಾಗಿದ್ದರೆ. ನಿದ್ರೆಯಿಲ್ಲದೆ ಹಗಲಿರುಳು ಯೋಜನೆಗಳನ್ನು ಹೂಡುತ್ತ ಹಣವನ್ನು ಚೆಲ್ಲುವ ಉನ್ಮಾದವು ಮೊದಮೊದಲಿಗೆ ಚುರುಕುತನವೆನ್ನಿಸುವುದುಂಟು. ಯಾರೂ ಇಲ್ಲದೆಡೆಯಲ್ಲಿ ದನಿ ಕೇಳಿಸುವುದು, ನೆರೆಯವರೆಲ್ಲ ತನ್ನ ಮೇಲೆ ಸಂಚು ನಡೆಸುತ್ತಿದ್ದಾರೆಂಬ ಶಂಕೆ ಹುಟ್ಟುವುದು, ಇವು ಗಾಳಿ ಸೋಕಿದ್ದಕ್ಕೂ ದಾಯಾದಿಗಳ ಮಾಟಕ್ಕೂ ಸಾಕ್ಷ್ಯವಾಗಿಬಿಡುತ್ತವೆ. ಹೀಗೆ ಒಂದೊಂದು ವ್ಯಾಧಿಗೂ ಮನೆಯಲ್ಲಿ ಒಂದೊಂದು ವಿವರಣೆ ಮೊದಲೇ ಸಿದ್ಧವಾಗಿರುವಲ್ಲಿ ವೈದ್ಯನನ್ನು ನೆನೆಯತಕ್ಕ ಅಗತ್ಯವಾದರೂ ಯಾರಿಗೆ ತೋರೀತು?

ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರ ಪೈಕಿ ನೂರಕ್ಕೆ ಸುಮಾರು 7 ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದುದು ಕಂಡುಬಂದಿತು. ಒಟ್ಟು ರೋಗಿಗಳಲ್ಲಿ, ರೋಗಭೇದಕ್ಕೆ ಅನುಸಾರವಾಗಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಅಂತರಕ್ಕೆ ವೈದ್ಯರ ಕೊರತೆ ಒಂದು ಕಾರಣ, ಬಡತನ ಇನ್ನೊಂದು ಕಾರಣ. ಇವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವೈದ್ಯರಿರುವ ಊರಿನಲ್ಲಿ, ಹಣವುಳ್ಳ ಮನೆಯಲ್ಲಿ ಸಹ ಮೊದಲ ಲಕ್ಷಣಕ್ಕೂ ಮೊದಲ ಚಿಕಿತ್ಸೆಗೂ ನಡುವೆ ವರ್ಷಗಳೇ ಸಂದುಹೋಗುವುದನ್ನು ನೋಡುವಾಗ, ನಮ್ಮ ಮುಖ್ಯವಾದ ದೋಷವು ಕಾಲಹರಣವೇ ಎಂದು ಹೇಳಬೇಕಾಗಿದೆ. ಹದ ಮೀರಿದ ಮೇಲೆ ಬಿತ್ತಿದ ಹೊಲದಲ್ಲಿ ಬೆಳೆ ಬಂದೇ ಬಾರದೆಂದಿಲ್ಲ. ಬಂದದ್ದು ಮಾತ್ರ ಅರೆಬೆಳೆ. ಹದಿನೇಳನೆಯ ವಯಸ್ಸಿನಲ್ಲಿ ಚಿಕಿತ್ಸೆ ಸಿಗಬೇಕಾಗಿದ್ದವನಿಗೆ ಅದು ಇಪ್ಪತ್ತಮೂರರಲ್ಲಿ ಸಿಕ್ಕಿದರೆ ರೋಗವು ಹತೋಟಿಗೆ ಬಂದೀತು; ಬಿಟ್ಟುಹೋದ ಕಾಲೇಜು, ಕಳಚಿಹೋದ ಸ್ನೇಹ, ತಾನು ಅಯೋಗ್ಯನೆಂದು ಆರು ವರ್ಷ ಕೇಳಿ ಕೇಳಿ ನಂಬಿದ ಮಾತು, ಇವನ್ನು ಯಾವ ಮಾತ್ರೆ ಹಿಂದಿರುಗಿಸೀತು?

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ದುಃಖವನ್ನೆಲ್ಲ ರೋಗವೆಂದು ಕರೆಯುವುದಾದರೆ, ಯೌವನದ ಮುನಿಸು, ಪ್ರೇಮಭಂಗ, ಪರೀಕ್ಷೆಯ ಸೋಲು ಇವಕ್ಕೆಲ್ಲ ವೈದ್ಯನ ಚೀಟಿಯೇ ಗತಿಯೆ ಎಂದು ವಿವೇಕಿಗಳು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ನಪಾಸಾದ ಹುಡುಗನು ನಾಲ್ಕು ದಿನ ಊಟ ಬಿಟ್ಟು ಮಂಕಾಗಿ ಕುಳಿತರೆ ಅದು ವ್ಯಾಧಿಯಲ್ಲ. ಹಾಗೆ ಕುಳಿತುಕೊಳ್ಳದಿದ್ದರೇ ಆಶ್ಚರ್ಯ. ವ್ಯಾಧಿಯನ್ನು ಗುರುತಿಸತಕ್ಕ ಅಳತೆಗಳು ಮೂರು. ಮೊದಲನೆಯದು ಕಾಲ: ಮಂಕು, ನಿರಾಸಕ್ತಿ, ನಿದ್ರೆ ಹಸಿವುಗಳ ಏರುಪೇರು ಎರಡು ವಾರಗಳನ್ನು ಮೀರಿ ಹೆಚ್ಚುಕಡಮೆ ಪ್ರತಿದಿನವೂ ಇರುತ್ತದೆಯೇ ಎಂಬುದು. ಎರಡನೆಯದು ವ್ಯಾಪ್ತಿ: ಅದು ಪರೀಕ್ಷೆಯ ಮಾತಿಗಷ್ಟೇ ಸೀಮಿತವೋ, ಅಥವಾ ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟು, ಸಂಗೀತ, ಗೆಳೆಯರ ಹರಟೆ ಎಲ್ಲವನ್ನೂ ನುಂಗಿದೆಯೋ ಎಂಬುದು. ಮೂರನೆಯದು ಕಾರ್ಯಹಾನಿ: ಶಾಲೆಗೆ ಹೋಗುವುದು, ಸ್ನಾನ ಮಾಡುವುದು, ಮನೆಯವರೊಡನೆ ನಾಲ್ಕು ಮಾತಾಡುವುದು, ಇಷ್ಟೂ ಅಸಾಧ್ಯವಾಗಿದೆಯೇ ಎಂಬುದು. ಈ ಮೂರರಲ್ಲಿಯೂ ಸಂಶಯಕ್ಕೆ ಎಡೆಯಿದ್ದರೆ ವೈದ್ಯನನ್ನು ಕೇಳುವುದರಿಂದ ನಷ್ಟವೇನೂ ಇಲ್ಲ. ವ್ಯಾಧಿಯಲ್ಲವೆಂದು ಹೇಳಿ ಕಳುಹಿಸುವುದೂ ವೈದ್ಯನ ಕರ್ತವ್ಯಗಳಲ್ಲಿ ಒಂದಲ್ಲವೆ?

ವೈದ್ಯನಲ್ಲಿಗೆ ಹೋಗಲು ಜನ ಅಂಜುವುದಕ್ಕೆ ಹಳೆಯ ಕಾರಣವೊಂದುಂಟು. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾದ ಆಶ್ರಯಸ್ಥಾನವನ್ನು ಜನ ‘ಹುಚ್ಚಾಸ್ಪತ್ರೆ’ಯೆಂದೇ ಕರೆದರು, 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗಲೂ, 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆದಾಗಲೂ ಆ ಹೆಸರು ಜನರ ಬಾಯಿಂದ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಮನೋರೋಗಿಗೆ ಗೋಡೆಯೂ ಬೀಗವೂ ಹೊರತು ಬೇರೆ ಉಪಾಯವಿಲ್ಲದಿದ್ದ ಕಾಲವೊಂದಿದ್ದುದು ನಿಜ. ಆದರೆ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬವರು ಸರ್ಪಗಂಧಿಯ ಬೇರು ಉನ್ಮಾದವನ್ನು ಶಮನಗೊಳಿಸುವುದೆಂದು 1931ರಲ್ಲಿಯೇ ಬರೆದರು. 1949ರಲ್ಲಿ ಲಿಥಿಯಂ, 1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದ ತರುವಾಯ ಬೀಗದ ಕಾಲ ಮುಗಿಯುತ್ತ ಬಂದಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹೂಡಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡು, ಆರೈಕೆಯಲ್ಲಿ ಸಂಸಾರವನ್ನೇ ಪಾಲುದಾರನನ್ನಾಗಿ ಮಾಡಿದರು. ಕನ್ನಡ ಓದುಗರಿಗೂ ಈ ವಿಷಯ ಅಪರಿಚಿತವಲ್ಲ: ‘ಕೊರವಂಜಿ’ಯ ರಾಶಿಯವರ, ಎಂದರೆ ಡಾಕ್ಟರ್ ಎಂ. ಶಿವರಾಂ ಅವರ, ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ದಶಕಗಳಿಂದ ಸುಲಭವಾದ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆಯುತ್ತ ಬಂದಿದ್ದಾರೆ. ಜ್ಞಾನವು ಭಾಷೆಯೊಳಗೆ ಬಂದಾಗಿದೆ. ಮನೆಯೊಳಗೆ ಬರುವುದು ಬಾಕಿ.

ಹಾಗಾದರೆ ಚಿಕಿತ್ಸೆಯೆಂಬುದು ಏನು? ಸೌಮ್ಯವಾದ ಖಿನ್ನತೆಗೂ ಆತಂಕಕ್ಕೂ ಮೊದಲ ಉಪಾಯ ಮಾತಿನ ಚಿಕಿತ್ಸೆಯೇ. ಅದು ಬುದ್ಧಿವಾದವಲ್ಲವೆಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಯಬೇಕು. ಅರಿವು–ವರ್ತನೆಗಳ ಚಿಕಿತ್ಸೆಯೆಂದು ಹೆಸರಾದ ಪದ್ಧತಿಯಲ್ಲಿ, ‘ನನ್ನಿಂದ ಏನೂ ಆಗದು’ ಎಂಬಂಥ ತಾನಾಗಿ ಏಳುವ ಯೋಚನೆಯನ್ನು ಹಿಡಿದು ನಿಲ್ಲಿಸಿ, ಅದಕ್ಕೆ ಆಧಾರವೇನು ಪ್ರತ್ಯಾಧಾರವೇನೆಂದು ತರುಣನು ತಾನೇ ಪರೀಕ್ಷಿಸುವುದನ್ನೂ, ತೊರೆದುಬಿಟ್ಟ ಕೆಲಸಗಳನ್ನು ಅಲ್ಪ ಅಲ್ಪವಾಗಿ ಮತ್ತೆ ಕೈಗೆತ್ತಿಕೊಳ್ಳುವುದನ್ನೂ ವಾರವಾರವೂ ಅಭ್ಯಾಸ ಮಾಡಿಸುತ್ತಾರೆ. ಗೀಳುರೋಗದಲ್ಲಿ, ಹೊಲಸೆಂದು ಭಯಪಡುವ ವಸ್ತುವನ್ನು ಮುಟ್ಟಿಯೂ ಕೈ ತೊಳೆಯದೆ ಇರುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ತೊಳೆಯದಿದ್ದರೂ ಭಯವು ಕೆಲವು ಹೊತ್ತಿನಲ್ಲಿ ತಾನೇ ಇಳಿಯುವುದೆಂಬ ಅನುಭವವೇ ಅಲ್ಲಿ ಔಷಧ. ನಮ್ಮ ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದನ್ನು ಮೂರನೆಯದಾಗಿ ಎಣಿಸಿತು. ಮನಸ್ಸಿಗೂ ಪ್ರತ್ಯೇಕವಾದ ಚಿಕಿತ್ಸೆಯುಂಟೆಂಬ ಭಾವನೆ ಈ ನಾಡಿಗೆ ಹೊರಗಿನಿಂದ ಬಂದದ್ದೇನೂ ಅಲ್ಲ.

ಮಧ್ಯಮ ಮತ್ತು ತೀವ್ರ ಖಿನ್ನತೆಯಲ್ಲಿ ಮಾತಿನೊಡನೆ ಮಾತ್ರೆಯೂ ಬೇಕಾದೀತು. 12ರಿಂದ 17ರ ವಯಸ್ಸಿನ 439 ಮಂದಿ ಖಿನ್ನರನ್ನು ಕುರಿತು ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹನ್ನೆರಡು ವಾರಗಳ ಕೊನೆಗೆ ಫ್ಲುವಾಕ್ಸೆಟೀನ್ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ನೂರಕ್ಕೆ 71, ಮಾತ್ರೆಯೊಂದನ್ನೇ ಪಡೆದವರಲ್ಲಿ 61, ಮಾತಿನ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ 43, ಔಷಧಾಂಶವಿಲ್ಲದ ಹುಸಿಮಾತ್ರೆಯನ್ನು ಪಡೆದವರಲ್ಲಿ 35 ಮಂದಿ ಗಣನೀಯವಾಗಿ ಸುಧಾರಿಸಿದ್ದರು. ಈ ಅಂಕಿಗಳಲ್ಲಿ ಎರಡು ಪಾಠಗಳಿವೆ: ಎರಡು ಚಿಕಿತ್ಸೆಗಳೂ ಕೂಡಿದರೆ ಫಲ ಅಧಿಕ; ಎರಡೂ ಕೂಡಿದರೂ ನೂರಕ್ಕೆ ನೂರು ಮಂದಿಗೆ ಹನ್ನೆರಡು ವಾರಗಳಲ್ಲಿ ಗುಣವಾಗದು, ಆದಕಾರಣ ಒಂದು ಉಪಾಯ ಫಲಿಸದಿದ್ದರೆ ಇನ್ನೊಂದಕ್ಕೆ ಹೋಗತಕ್ಕ ತಾಳ್ಮೆ ಬೇಕು. ಮಾತ್ರೆಯ ವಿಷಯದಲ್ಲಿ ಎಚ್ಚರಿಕೆಯೂ ಅವಶ್ಯ. ಈ ಔಷಧಗಳನ್ನು ಸೇವಿಸತೊಡಗಿದ ಕೆಲವು ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣಾಧಿಕಾರವು 2004ರಲ್ಲಿ ಕಟ್ಟುನಿಟ್ಟಾದ ಸೂಚನೆ ಹೊರಡಿಸಿತು. ಆದುದರಿಂದ ಮೊದಲ ಕೆಲವು ವಾರಗಳಲ್ಲಿ ವೈದ್ಯನು ಮತ್ತೆ ಮತ್ತೆ ನೋಡಬೇಕು, ಮನೆಯವರು ಗಮನವಿರಿಸಬೇಕು. ಫಲ ಕಾಣಲು ಕೆಲವು ವಾರಗಳು ಹಿಡಿಯುತ್ತವೆಂಬುದನ್ನು ತಿಳಿಯದೆ ಎಂಟನೆಯ ದಿನವೇ ಕೈಬಿಡುವವರುಂಟು; ಹಿತವೆನಿಸಿದೊಡನೆ ತಾವಾಗಿ ನಿಲ್ಲಿಸುವವರೂ ಉಂಟು. ಎರಡೂ ತಪ್ಪು. ಮನೋರೋಗದ ಮಾತ್ರೆಗಳೆಲ್ಲ ‘ನಿದ್ದೆ ಮಾತ್ರೆ’ಗಳು, ಒಮ್ಮೆ ಹಿಡಿದರೆ ಬಿಡವು ಎಂಬ ಮಾತು ಊರೂರುಗಳಲ್ಲಿ ಹಬ್ಬಿದೆ. ಅಭ್ಯಾಸವಾಗಿಬಿಡಬಹುದಾದ ನಿದ್ರಾಜನಕಗಳು ಒಂದು ವರ್ಗ. ಖಿನ್ನತೆಯ ಔಷಧಗಳು ಬೇರೊಂದು ವರ್ಗ. ಇವನ್ನು ವೈದ್ಯನ ಸಲಹೆಯಂತೆ ಕ್ರಮಕ್ರಮವಾಗಿ ಇಳಿಸಿ ನಿಲ್ಲಿಸಬಹುದು.

ಸ್ಕಿಜೋಫ್ರೀನಿಯಾ, ಉನ್ಮಾದ–ಖಿನ್ನತೆಗಳು ಸರದಿಯಾಗಿ ಬರುವ ಬೈಪೋಲಾರ್ ಕಾಯಿಲೆ, ಇಂಥ ತೀವ್ರವ್ಯಾಧಿಗಳಲ್ಲಿ ಔಷಧವೇ ಮುಖ್ಯ ಆಧಾರ; ಮನೆಯವರಿಗೆ ತಿಳುವಳಿಕೆ ಕೊಡುವುದು, ವಿದ್ಯೆ ಉದ್ಯೋಗಗಳಿಗೆ ಮರಳಲು ನೆರವಾಗುವುದು ಅದಕ್ಕೆ ಪೂರಕ. ಮೊದಲ ಬಾರಿ ರೋಗ ಕಾಣಿಸಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆದ ಕಾಲವು ದೀರ್ಘವಾದಷ್ಟೂ ಚೇತರಿಕೆಯು ಕಡಮೆಯೆಂಬುದು ಅನೇಕ ಅಧ್ಯಯನಗಳಿಂದ ತಿಳಿದುಬಂದ ಸಂಗತಿ. ಇಂಥ ವೇಳೆಯಲ್ಲಿಯೇ ನಮ್ಮ ಹಿರಿಯರಿಗೆ ಮದುವೆಯ ಯೋಚನೆ ಹೊಳೆಯುವುದು ವಿಪರ್ಯಾಸ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಹಾಸ್ಯಕ್ಕಾಗಿ ಹುಟ್ಟಿದ ಗಾದೆಯ ಉತ್ತರಾರ್ಧವನ್ನು ವೈದ್ಯಶಾಸ್ತ್ರವೆಂದು ನಂಬಿ, ರೋಗವನ್ನು ಬಚ್ಚಿಟ್ಟು, ಮುಹೂರ್ತದ ಹಿಂದಿನ ತಿಂಗಳಲ್ಲಿ ಮಾತ್ರೆಯನ್ನೂ ನಿಲ್ಲಿಸಿ, ಮಗನನ್ನೋ ಮಗಳನ್ನೋ ಹಸೆಗೆ ಕೂರಿಸುವವರಿದ್ದಾರೆ. ಇದರಿಂದ ಕೆಡುವುದು ಒಂದು ಬಾಳಲ್ಲ, ಎರಡು.

ದೇವರಿಗೂ ತಾಯಿತಕ್ಕೂ ಹೋಗುವುದನ್ನು ಹಳಿಯುವುದು ಸುಲಭ; ನಾನು ಹಳಿಯಲಾರೆ. ನಿಮ್ಹಾನ್ಸಿನ ವೈದ್ಯರೇ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಬಂದು ತಂಗಿದ್ದ 31 ಮಂದಿ ರೋಗಿಗಳನ್ನು ಪರಿಶೀಲಿಸಿ, ಅವರ ರೋಗಲಕ್ಷಣಗಳು ನೂರಕ್ಕೆ ಇಪ್ಪತ್ತರ ಸಮೀಪದಷ್ಟು ತಗ್ಗಿದುದನ್ನು 2002ರಲ್ಲಿ ಬರೆದಿದ್ದಾರೆ. ಭಯಪಡಿಸುವವರಿಲ್ಲದ ನೆಲೆ, ಜೊತೆಗೆ ನಿಂತ ಬಂಧುಗಳು, ನಿಯತವಾದ ದಿನಚರಿ ಇವುಗಳ ಪ್ರಭಾವ ಅದರಲ್ಲಿ ಇದ್ದೀತು. ಅದೇ ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಸಮೀಪದ ಆಶ್ರಮವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾರದೆ ಸತ್ತುದೂ ಉಂಟು. ಹರಕೆ ಹೊರುವವರು ಹೊರಲಿ. ಸರಪಳಿಯೂ ಹೊಡೆತವೂ ಕೂಡದು, ಹರಕೆಯ ಹೆಸರಿನಲ್ಲಿ ವೈದ್ಯನನ್ನು ಮುಂದೂಡುವುದೂ ಕೂಡದು.

ಚಿಕಿತ್ಸೆ ದೂರದ್ದೆಂಬ ಭಾವನೆಯೂ ಇಂದು ಪೂರ್ತಿಯಾಗಿ ಸತ್ಯವಲ್ಲ. ಮನೋವೈದ್ಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಒಯ್ಯಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ಮಾದರಿಯಾಗಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ; ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆ ಮಾದರಿಯಿಂದಲೇ ಬೆಳೆದದ್ದು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರತಕ್ಕ ‘ಮನೋಚೈತನ್ಯ’ ಯೋಜನೆ ಕರ್ನಾಟಕದಲ್ಲಿದೆ. 2022ರ ಅಕ್ಟೋಬರ್ 10ರಂದು ಮೊದಲಾದ ಟೆಲಿ–ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ, ಹಗಲು ರಾತ್ರಿಯೆನ್ನದೆ, ಕನ್ನಡದಲ್ಲಿಯೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. ವೈದ್ಯಕೀಯ ವಿಮೆಯಲ್ಲಿ ಮನೋರೋಗವನ್ನು ದೇಹರೋಗಕ್ಕೆ ಸಮನಾಗಿ ಕಾಣಬೇಕೆಂದಿತು. ಹದಿನೆಂಟು ತುಂಬದವರನ್ನು ವಯಸ್ಕ ರೋಗಿಗಳಿಂದ ಬೇರೆಯಾಗಿಯೇ ಇರಿಸಬೇಕೆಂದಿತು. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು ನಿಷೇಧಿಸಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಿ, ಶಿಕ್ಷೆಗೆ ಬದಲಾಗಿ ಆರೈಕೆಯನ್ನು ಒದಗಿಸಬೇಕೆಂದದ್ದೂ ಆ ಕಾಯಿದೆಯೇ.

ಆ ಕಡೆಯ ಮಾತು ನಮ್ಮ ವಿದ್ಯಾಲಯಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಸರ್ಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ 13,000ಕ್ಕೂ ಅಧಿಕ ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಮಗುವಿನ ಮಾತಿನಲ್ಲಿ ಬಾಳು ಸಾಕೆಂಬ ಸೂಚನೆ ಕಂಡಾಗ, ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?’ ಎಂದು ಮೃದುವಾಗಿ, ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತಿದ್ದ ಭಾರವನ್ನು ಹೇಳಿಕೊಳ್ಳಲು ಎಡೆಯಾಗುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯನಲ್ಲಿಗೆ ಕರೆದೊಯ್ಯಬೇಕು. ನೂರು ಅಥವಾ ಅಧಿಕ ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅರ್ಹನಾದ ಒಬ್ಬ ಆಪ್ತಸಮಾಲೋಚಕನನ್ನಾದರೂ ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಆದೇಶಿಸಿತು. ಅಂಕಗಳ ಮೇಲೆ ವಿದ್ಯಾರ್ಥಿಗಳನ್ನು ತಂಡತಂಡವಾಗಿ ವಿಂಗಡಿಸುವುದೂ, ಎಲ್ಲರೆದುರು ಅವಮಾನಿಸುವುದೂ ಸಲ್ಲದೆಂದಿತು. ಗಣಿತದ ಮೇಷ್ಟರಿಗೆ ‘ಹೆಚ್ಚುವರಿ ಹೊಣೆ’ಯೆಂದು ಒಂದು ಫಲಕ ತೂಗಿಹಾಕಿ ಈ ಆದೇಶವನ್ನು ತೀರಿಸಿಕೊಳ್ಳುವ ಪ್ರಲೋಭನೆ ಆಡಳಿತಮಂಡಲಿಗಳಿಗೆ ಉಂಟಾಗದಿರದು. ಅಂಕ ಕೊಡತಕ್ಕವನ ಮುಂದೆ ಯಾವ ವಿದ್ಯಾರ್ಥಿಯೂ ಮನಸ್ಸನ್ನು ಬಿಚ್ಚಲಾರ. ಸಮಾಲೋಚಕನು ಪಾಠದ ಹೊಣೆಯಿಲ್ಲದವನೂ, ಕೇಳಿದ್ದನ್ನು ಗುಟ್ಟಾಗಿ ಇರಿಸಿಕೊಳ್ಳಬಲ್ಲವನೂ ಆಗಿರಬೇಕು.

ಕಡೆಯದಾಗಿ ಸರ್ಕಾರದ ಮುಂದೆ ಒಂದು ಬೇಡಿಕೆ. ಪ್ರತಿವರ್ಷವೂ ಎಸ್‌ಎಸ್‌ಎಲ್‌ಸಿಯ ಫಲಿತಾಂಶ ಬಂದಾಗ ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕಡೆ ಎಂಬ ಪಟ್ಟಿಯನ್ನು ಇಲಾಖೆ ಪ್ರಕಟಿಸುತ್ತದೆ. ಕಡೆಯಲ್ಲಿ ಬಂದ ಜಿಲ್ಲೆಯ ಅಧಿಕಾರಿಗಳು ಉತ್ತರ ಹೇಳುತ್ತಾರೆ, ಮುಂದಿನ ವರ್ಷಕ್ಕೆ ಯೋಜನೆ ಹೂಡುತ್ತಾರೆ. ಅಳೆದದ್ದನ್ನು ಮಾತ್ರವೇ ಸುಧಾರಿಸುವ ಸ್ವಭಾವ ನಮ್ಮ ಆಡಳಿತದ್ದಾಗಿರುವಾಗ, ಅಳತೆಯನ್ನು ಇಲ್ಲಿಗೂ ತರೋಣ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯನಲ್ಲಿಗೆ ಇಪ್ಪತ್ತೈದರೊಳಗಿನವರು ಮೊದಲ ಸಲ ಬಂದಾಗ, ಚೀಟಿಯಲ್ಲಿ ಎರಡು ದಿನಾಂಕಗಳನ್ನು ಬರೆಯಲಿ: ಮನೆಯವರು ಮೊದಲ ಲಕ್ಷಣವನ್ನು ಕಂಡದ್ದು ಸುಮಾರಾಗಿ ಯಾವಾಗ, ವೈದ್ಯನ ಮುಂದೆ ಬಂದದ್ದು ಯಾವಾಗ. ಹೆಸರುಗಳನ್ನೆಲ್ಲ ಬಿಟ್ಟು, ನಡುವಣ ತಿಂಗಳುಗಳ ಸರಾಸರಿಯನ್ನು ಮಾತ್ರ ಜಿಲ್ಲಾವಾರಾಗಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ. ಆ ಸಂಖ್ಯೆ ದೊಡ್ಡದಾಗಿರುವ ಜಿಲ್ಲೆಯಲ್ಲಿ ಸಮಾಲೋಚಕರ ಹುದ್ದೆ ಖಾಲಿಯಿದೆಯೋ, ಮಂಗಳವಾರದ ವೈದ್ಯರು ಬರುತ್ತಿಲ್ಲವೋ, ಮನೆಗಳು ಅಂಜಿ ಬಾಗಿಲಿಕ್ಕಿಕೊಂಡಿವೆಯೋ ಎಂಬುದನ್ನು ವಿಚಾರಿಸುವುದು ಆಗ ಯಾರದಾದರೂ ಕರ್ತವ್ಯವಾಗುತ್ತದೆ. ತನ್ನ ಮಕ್ಕಳು ಗಣಿತದಲ್ಲಿ ಪಡೆದ ಅಂಕಗಳನ್ನು ಕಡೆಯ ಹಳ್ಳಿಯವರೆಗೂ ಎಣಿಸಬಲ್ಲ ನಾಡು, ಆ ಮಕ್ಕಳು ಚಿಕಿತ್ಸೆಯಿಲ್ಲದೆ ಕಳೆದ ತಿಂಗಳುಗಳನ್ನೂ ಎಣಿಸತಕ್ಕದ್ದು.